ಕೆಡೆಟ್‌ನ ಬೆನ್ನುಮೂಳೆ, ಅಪ್ಪನ ಮುಚ್ಚಳಿಕೆ

ಪುಣೆಯ ಸಮೀಪದ ಖಡಕವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ವರ್ಷಕ್ಕೆ ಎರಡು ಬಾರಿ ಒಂದು ದೃಶ್ಯ ಮರುಕಳಿಸುತ್ತದೆ. ಮೂರು ವರ್ಷದ ತರಬೇತಿ ಮುಗಿಸಿದ ಕೆಡೆಟ್‌ಗಳು ನಿಧಾನ ನಡಿಗೆಯಲ್ಲಿ ಸಾಲಾಗಿ ಬಂದು ‘ಅಂತಿಮ ಪಗ್’ ಎಂಬ ಗೆರೆಯನ್ನು ದಾಟುತ್ತಾರೆ. ಅಲ್ಲಿಂದ ಭೂಸೇನೆಯವರು ಒಂದು ವರ್ಷಕ್ಕೆ ಡೆಹ್ರಾಡೂನ್‌ಗೆ, ನೌಕಾಪಡೆಯವರು ಕೇರಳದ ಎಳಿಮಲಕ್ಕೆ, ವಾಯುಪಡೆಯವರು ಹೈದರಾಬಾದಿನ ಬಳಿಯ ದುಂಡಿಗಲ್‌ಗೆ ಹೋಗುತ್ತಾರೆ. ಡೆಹ್ರಾಡೂನ್‌ನಲ್ಲಿ ಕೊನೆಯ ದಿನ ತಂದೆತಾಯಿ ಮಗನ ಹೆಗಲಿಗೆ ನಕ್ಷತ್ರ ತೊಡಿಸುವ ಚಿತ್ರ ಕೊಡಗು, ವಿಜಯಪುರ, ಬೆಳಗಾವಿಯ ಪತ್ರಿಕಾ ಆವೃತ್ತಿಗಳಲ್ಲಿ ‘ಜಿಲ್ಲೆಯ ಹೆಮ್ಮೆ’ ಎಂಬ ತಲೆಬರಹದಡಿ ಪ್ರಕಟವಾಗುತ್ತದೆ.

ಆ ಚಿತ್ರದಲ್ಲಿ ಕಾಣದ ಕಾಗದವೊಂದಿದೆ. ಮಗ ಅಕಾಡೆಮಿಯ ಬಾಗಿಲು ದಾಟುವ ಮೊದಲೇ ಅಪ್ಪ ಅದಕ್ಕೆ ಸಹಿ ಹಾಕಿರುತ್ತಾನೆ. ಕೇಂದ್ರ ಲೋಕಸೇವಾ ಆಯೋಗದ ಎನ್‌ಡಿಎ ಪರೀಕ್ಷೆಯ ಅಧಿಸೂಚನೆಯ ಅನುಬಂಧದಲ್ಲಿ ಅದರ ಒಕ್ಕಣೆ ಇದೆ. ತರಬೇತಿಯ ವೇಳೆ ಅಥವಾ ತರಬೇತಿಯ ಪರಿಣಾಮವಾಗಿ ಮಗನಿಗೆ ಗಾಯವಾದರೆ, ಆ ಗಾಯದ ಚಿಕಿತ್ಸೆಗೆಂದು ಮಾಡಿದ ಶಸ್ತ್ರಕ್ರಿಯೆಯಿಂದಲೋ ಕೊಟ್ಟ ಅರಿವಳಿಕೆಯಿಂದಲೋ ಅವನು ಅಂಗವಿಕಲನಾದರೆ ಅಥವಾ ಸತ್ತರೆ, ತನಗಾಗಲಿ ಮಗನಿಗಾಗಲಿ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕಿಲ್ಲ ಎಂಬುದನ್ನು ತಾನು ಪೂರ್ಣವಾಗಿ ಬಲ್ಲೆ ಎಂದು ಅಪ್ಪ ಪ್ರಮಾಣೀಕರಿಸಬೇಕು. ಕನ್ನಡದ ಕಚೇರಿ ಭಾಷೆಯಲ್ಲಿ ಇದಕ್ಕೆ ಮುಚ್ಚಳಿಕೆ ಎಂಬ ಹೆಸರಿದೆ. ಸಾಮಾನ್ಯವಾಗಿ ಮುಚ್ಚಳಿಕೆ ಬರೆಸಿಕೊಳ್ಳುವುದು ತಪ್ಪು ಮಾಡಿದವನಿಂದ. ಇಲ್ಲಿ ಬರೆದುಕೊಡುವವನು ಮಗನನ್ನು ದೇಶಕ್ಕೆ ಒಪ್ಪಿಸುತ್ತಿರುವ ಅಪ್ಪ.

ಹೊಸದಾಗಿ ಸೇರುವ ಅಧಿಕಾರಿ ತರಬೇತಿಯಲ್ಲಿ ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆಗೆ ತರಬೇತಿ ಕೇಂದ್ರಗಳ ಫಲಕಗಳಲ್ಲೂ ಯೂಟ್ಯೂಬಿನ ಸಲಹೆಗಾರರಲ್ಲೂ ಉತ್ತರ ಧಾರಾಳವಾಗಿದೆ. ಮೊದಲು ಲಿಖಿತ ಪರೀಕ್ಷೆ. ಆಮೇಲೆ ಬೆಂಗಳೂರಿನಲ್ಲೂ ಕೇಂದ್ರ ಹೊಂದಿರುವ ಆಯ್ಕೆ ಮಂಡಳಿಯೆದುರು ಐದು ದಿನ: ಚಿತ್ರ ನೋಡಿ ಕಥೆ ಬರೆಯುವುದು, ಹಗ್ಗ ಹಲಗೆಗಳಿಂದ ಗುಂಪಾಗಿ ಅಡೆತಡೆ ದಾಟುವುದು, ಸಂದರ್ಶನ. ನಂತರ ಕಣ್ಣು, ಕಿವಿ, ಹಲ್ಲು, ಮೂಳೆ ಯಾವುದನ್ನೂ ಬಿಡದ ವೈದ್ಯಕೀಯ ತಪಾಸಣೆ. ಈ ತಪಾಸಣೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಒಳಗೆ ಹೋಗುವ ದಿನ ಆ ದೇಹ ಸಂಪೂರ್ಣ ಆರೋಗ್ಯವಾಗಿತ್ತೆಂದು ಪ್ರಭುತ್ವದ ವೈದ್ಯರೇ ಬರೆದುಕೊಟ್ಟಿರುತ್ತಾರೆ.

ಒಳಗಿನ ಬದುಕು ಬೇರೆಯದೇ ಲೋಕ. ಮೊದಲು ಹೋಗುವುದು ತಲೆಗೂದಲು, ಅದರ ಹಿಂದೆಯೇ ನಿದ್ದೆ. ಬೆಳಕು ಹರಿಯುವ ಮುನ್ನ ಎದ್ದು ಓಟ, ದೈಹಿಕ ವ್ಯಾಯಾಮ, ಡ್ರಿಲ್, ಅದರ ಮೇಲೆ ತರಗತಿಗಳು. ಗಣಿತದ ಪಾಠದಲ್ಲಿ ಕುಳಿತಲ್ಲೇ ತೂಕಡಿಸದ ಕೆಡೆಟ್ ಅಪರೂಪ. ಮೂರು ವರ್ಷದ ಕೊನೆಗೆ ಇವರಿಗೆ ಪದವಿ ನೀಡುವುದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಟಿವಿ ಚರ್ಚೆಗಳಲ್ಲಿ ಜೆಎನ್‌ಯುವನ್ನು ದೇಶದ್ರೋಹಿಗಳ ಗೂಡೆಂದು ಕೂಗುವವರು ಈ ಪದವಿ ಪತ್ರಗಳನ್ನು ಒಮ್ಮೆ ತಿರುವಿ ನೋಡಬೇಕು. ಡ್ರಿಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಪುಣೆಯ ಪೇಟೆಯ ಮುಖ ನೋಡುವಂತಿಲ್ಲ. ತಪ್ಪಿಗೂ, ತಪ್ಪಿಲ್ಲದಿದ್ದರೂ, ‘ರಗ್ಡಾ’ ಎಂಬ ಶಿಕ್ಷೆ: ನೆಲದ ಮೇಲೆ ಉರುಳುವುದು, ಬೆನ್ನಿಗೆ ಭಾರ ಹೊತ್ತು ಓಡುವುದು. ಒಬ್ಬನ ತಪ್ಪಿಗೆ ಇಡೀ ತಂಡ ಬೆವರು ಸುರಿಸಬೇಕು. ಸಹ್ಯಾದ್ರಿಯ ಗುಡ್ಡಗಳಲ್ಲಿ ಶಿಬಿರಗಳು, ದೂರದ ಕ್ರಾಸ್‌ಕಂಟ್ರಿ ಓಟ, ಬಾಕ್ಸಿಂಗ್, ಕುದುರೆ ಸವಾರಿ, ಎತ್ತರದ ಹಲಗೆಯಿಂದ ಈಜುಕೊಳಕ್ಕೆ ಹಾರುವುದು. ಗುರಿ ಮುಟ್ಟದವನನ್ನು ಒಂದು ಅವಧಿ ಹಿಂದಕ್ಕೆ ತಳ್ಳಲಾಗುತ್ತದೆ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಹುಚ್ಚಾಸ್ಪತ್ರೆಗಳ ಕುರಿತು ಬರೆಯುವಾಗ ಸೆರೆಮನೆ, ಮಠ, ಸೇನಾ ಬ್ಯಾರಕ್ಕುಗಳನ್ನೂ ಒಂದೇ ಸಾಲಿಗೆ ತಂದು ‘ಸಮಗ್ರ ಸಂಸ್ಥೆ’ ಎಂಬ ಹೆಸರು ಕೊಟ್ಟನು. ನಿದ್ದೆ, ಊಟ, ಕೆಲಸ, ಆಟ ಎಲ್ಲವೂ ಒಂದೇ ಛಾವಣಿಯಡಿ, ಒಂದೇ ಅಧಿಕಾರದಡಿ ನಡೆಯುವ ಜಾಗ ಅದು. ಹೊರಗಿನಿಂದ ತಂದ ‘ತನ್ನತನ’ವನ್ನು ಕಳಚಿಸಿ ಬೇರೊಂದನ್ನು ತೊಡಿಸುವುದೇ ಅಲ್ಲಿನ ಮೊದಲ ಕೆಲಸ. ಈ ವಿವರಣೆಯನ್ನು ಓದಿದ ಪ್ರಗತಿಪರ ಓದುಗರು ಅಲ್ಲಿಗೇ ನಿಂತು, ತರಬೇತಿಯೆಂದರೆ ಕ್ರೌರ್ಯವೆಂದು ಷರಾ ಬರೆದುಬಿಡುವುದುಂಟು. ಅದು ಅವಸರದ ತೀರ್ಪು. ಇಪ್ಪತ್ತೆರಡರ ಹರೆಯದಲ್ಲಿ ಮೂವತ್ತು ಜನರ ಪ್ರಾಣಕ್ಕೆ ಹೊಣೆಯಾಗಬೇಕಾದವನು ಹಸಿವು, ಭಯ, ನಿದ್ದೆಗೇಡಿನ ನಡುವೆ ಸರಿಯಾದ ನಿರ್ಧಾರ ತೆಗೆದುಕೊಳ್ಳುವುದನ್ನು ಎಲ್ಲಾದರೂ ಕಲಿಯಲೇಬೇಕು. ಕಲಿಕೆಯ ಹೆಸರಿನಲ್ಲಿ ನುಸುಳುವ ಹಿರಿಯರ ಪೀಡನೆ ಬೇರೆ ಮಾತು. ಅದನ್ನು ಅಕಾಡೆಮಿಗಳೇ ನಿಷೇಧಿಸಿವೆ.

ಆದರೆ ತರಬೇತಿಯ ಕಾಠಿಣ್ಯವನ್ನು ಒಪ್ಪಿಕೊಂಡ ಕೂಡಲೇ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಇಂಥ ತರಬೇತಿಯಲ್ಲಿ ಕೆಲವರು ಬೀಳುತ್ತಾರೆ. ಎಚ್ಚರಿಕೆಯಿಂದ ನಡೆಸಿದರೂ ಬೀಳುತ್ತಾರೆ. ಬಾಕ್ಸಿಂಗ್ ಕಣದ ಒಂದು ಹೊಡೆತ, ಈಜುಕೊಳದಲ್ಲಿ ತಲೆ ತಪ್ಪಿ ಬಿದ್ದ ಒಂದು ಕ್ಷಣ ಸಾಕು. ಕುತ್ತಿಗೆಯ ಮೂಳೆ ಮುರಿದರೆ ಕೈಕಾಲುಗಳ ಸ್ವಾಧೀನ ಹೋಗುತ್ತದೆ. ಆಮೇಲೆ ಸೇನಾ ಆಸ್ಪತ್ರೆ, ವೈದ್ಯಕೀಯ ಮಂಡಳಿ, ಕಡೆಗೆ ‘ಸೇವೆಗೆ ಅನರ್ಹ’ ಎಂಬ ಮುದ್ರೆ. ಹತ್ತೊಂಬತ್ತರ ಹುಡುಗ ಗಾಲಿಕುರ್ಚಿಯಲ್ಲೋ ಹಾಸಿಗೆಯಲ್ಲೋ ಊರಿಗೆ ಮರಳುತ್ತಾನೆ.

2025ರ ಆಗಸ್ಟ್‌ನಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಇಂಥವರ ಲೆಕ್ಕವನ್ನು ಹೊರಗೆಡವಿತು. 1985ರಿಂದೀಚೆಗೆ ಅಧಿಕಾರಿ ತರಬೇತಿಯ ಅಕಾಡೆಮಿಗಳಿಂದ ಸುಮಾರು 500 ಕೆಡೆಟ್‌ಗಳು ವೈದ್ಯಕೀಯ ಕಾರಣಕ್ಕೆ ಹೊರಬಿದ್ದಿದ್ದಾರೆ. ಎನ್‌ಡಿಎ ಒಂದರಲ್ಲೇ 2021ರಿಂದ 2025ರ ಜುಲೈವರೆಗೆ ಸುಮಾರು 20 ಮಂದಿ. ಇವರಾರೂ ಕಾನೂನಿನ ಪ್ರಕಾರ ಮಾಜಿ ಸೈನಿಕರಲ್ಲ, ಏಕೆಂದರೆ ಗಾಯವಾದಾಗ ಅವರಿಗಿನ್ನೂ ಕಮಿಷನ್ ಸಿಕ್ಕಿರಲಿಲ್ಲ. ಮಾಜಿ ಸೈನಿಕರಲ್ಲವಾದ್ದರಿಂದ ಆ ಸಮುದಾಯಕ್ಕಿರುವ ಆರೋಗ್ಯ ಯೋಜನೆಯೂ ಅವರಿಗಿರಲಿಲ್ಲ. ಸಿಗುತ್ತಿದ್ದುದು ಅಂಗವೈಕಲ್ಯದ ಪ್ರಮಾಣಕ್ಕನುಗುಣವಾಗಿ ತಿಂಗಳಿಗೆ ಗರಿಷ್ಠ 40,000 ರೂಪಾಯಿಯ ಎಕ್ಸ್‌ಗ್ರೇಷಿಯಾ. ಎಕ್ಸ್‌ಗ್ರೇಷಿಯಾ ಎಂದರೆ ಹಕ್ಕಿನ ಬಾಬ್ತಲ್ಲ, ಕೃಪೆಯಿಂದ ಕೊಟ್ಟದ್ದು. ಕೈಕಾಲು ಆಡದ ಮನುಷ್ಯನಿಗೆ ಹಗಲು ರಾತ್ರಿ ಒಬ್ಬ ಸಹಾಯಕ ಬೇಕು, ಫಿಸಿಯೊಥೆರಪಿ ಬೇಕು, ಕೆಥೆಟರ್ ಬೇಕು, ಬೆನ್ನಿನ ಹುಣ್ಣಿಗೆ ಔಷಧ ಬೇಕು. ಆ ಮೊತ್ತ ಯಾವುದಕ್ಕೆ ಸಾಲುತ್ತದೆಂಬುದು ಅಂಥ ಮನೆಯಲ್ಲಿ ಒಂದು ತಿಂಗಳು ಕಳೆದವರಿಗೆ ತಿಳಿದೀತು. ಹೆಚ್ಚಿನ ಮನೆಗಳಲ್ಲಿ ಆ ಸಹಾಯಕಿ ತಾಯಿಯೇ. ಅವಳ ವಯಸ್ಸು ಏರುತ್ತಿರುತ್ತದೆ, ಮಗನ ಭಾರ ಇಳಿಯುವುದಿಲ್ಲ.

ಈ ವ್ಯವಸ್ಥೆಯ ವಿಪರ್ಯಾಸ ಬೆಳಗಾವಿಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಆ ಮೈದಾನದಲ್ಲಿ ಜವಾನನಾಗಲು ತರಬೇತಿ ಪಡೆಯುತ್ತಿದ್ದ ರಿಕ್ರೂಟ್ ಬಿದ್ದು ಅಂಗವಿಕಲನಾದರೆ ಅವನಿಗೆ ಮಾಜಿ ಸೈನಿಕನ ಸ್ಥಾನಮಾನ, ಅಂಗವೈಕಲ್ಯ ಪಿಂಚಣಿ ಎರಡೂ ದೊರೆಯುತ್ತಿದ್ದವು. ಅವನು ಸೇರಿದ ದಿನವೇ ಸೇನಾ ಕಾಯ್ದೆಯಡಿ ದಾಖಲಾಗಿರುತ್ತಿದ್ದ. 2022ರಲ್ಲಿ ಬಂದ ಅಗ್ನಿಪಥ ಯೋಜನೆ ಪಿಂಚಣಿಯನ್ನು ತೆಗೆದುಹಾಕಿತು, ಅದು ಬೇರೊಂದು ಲೇಖನಕ್ಕಾಗುವಷ್ಟು ಅನ್ಯಾಯ. ಆದರೂ ಸೇವೆಯಿಂದ ಉಂಟಾದ ಅಂಗವೈಕಲ್ಯಕ್ಕೆ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ ರೂಪಾಯಿಯೆಂದು ಅದೂ ನಿಗದಿ ಮಾಡಿದೆ. ನಾಳೆ ಅದೇ ಜವಾನನಿಗೆ ಆಜ್ಞೆ ಕೊಡಬೇಕಾದ ಕೆಡೆಟ್ ಖಡಕವಾಸ್ಲಾದಲ್ಲಿ ಬಿದ್ದರೆ ಅವನು ಸೈನಿಕನೂ ಅಲ್ಲ, ನೌಕರನೂ ಅಲ್ಲ, ಸರಿಯಾಗಿ ಹೇಳಬೇಕೆಂದರೆ ವಿದ್ಯಾರ್ಥಿಯೂ ಅಲ್ಲ.

ಇಂಥ ತ್ರಿಶಂಕು ಸ್ಥಿತಿ ಹೇಗೆ ಹುಟ್ಟಿತು? ಅದರ ಬೇರು ವಸಾಹತು ಕಾಲದ ವರ್ಗ ಕಲ್ಪನೆಯಲ್ಲಿದೆ ಎಂದು ಊಹಿಸಲು ಆಧಾರವಿದೆ. ಅಧಿಕಾರಿಯಾಗುವವನನ್ನು ಬ್ರಿಟಿಷರು ‘ಜೆಂಟಲ್‌ಮನ್ ಕೆಡೆಟ್’ ಎಂದು ಕರೆಯುತ್ತಿದ್ದರು. ಸ್ಯಾಂಡ್‌ಹರ್ಸ್ಟ್‌ಗೆ ಹೋಗುತ್ತಿದ್ದುದು ಮನೆಯವರು ಶುಲ್ಕ ಕಟ್ಟಿ ಕಳಿಸಬಲ್ಲ ಕುಲೀನರ ಮಕ್ಕಳು. ಕೊಡಗಿನ ತಿಮ್ಮಯ್ಯ ಕಲಿತದ್ದು ಅಲ್ಲಿಯೇ. ಅದಕ್ಕೂ ಮೊದಲು, 1919ರಲ್ಲಿ, ಕಾರ್ಯಪ್ಪ ಇಂದೋರಿನ ಡೇಲಿ ಕಾಲೇಜಿನಲ್ಲಿ ನಡೆದ ತರಬೇತಿಯಿಂದ ಹೊರಬಂದಿದ್ದರು. 1932ರಲ್ಲಿ 40 ಕೆಡೆಟ್‌ಗಳೊಂದಿಗೆ ಡೆಹ್ರಾಡೂನ್ ಅಕಾಡೆಮಿ ಆರಂಭವಾದಾಗಲೂ ಅದೇ ‘ಜೆಂಟಲ್‌ಮನ್ ಕೆಡೆಟ್’ ಎಂಬ ಹೆಸರು ಮುಂದುವರಿಯಿತು. ಕೆಡೆಟ್ ಬಿದ್ದರೆ ಅವನ ಮನೆತನ ನೋಡಿಕೊಳ್ಳುತ್ತದೆ, ಬಂಗಲೆಯಿದೆ, ಆಳುಕಾಳಿದ್ದಾರೆ ಎಂಬ ಭರವಸೆ ಆ ಕಾಲದ ನಿಯಮಗಳಿಗೆ ಸಹಜವಾಗಿತ್ತು.

ಇಂದಿನ ಕೆಡೆಟ್ ಯಾರು? 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಯಿಂದ ಹೋಗುವವನು ರೈತನ ಮಗನಿರಬಹುದು, ನಿವೃತ್ತ ಹವಾಲ್ದಾರನ ಮಗನಿರಬಹುದು, ಪ್ರಾಥಮಿಕ ಶಾಲೆಯ ಮೇಷ್ಟರ ಮಗನಿರಬಹುದು. ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದ ನಂತರ ಹೆಣ್ಣುಮಕ್ಕಳೂ ಎನ್‌ಡಿಎ ಸೇರುತ್ತಿದ್ದು, 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಮಂದಿ ‘ಅಂತಿಮ ಪಗ್’ ದಾಟಿದ್ದಾರೆ. ಸರ್ಕಾರಕ್ಕೆ ಇವರ ಮನೆಯ ಸ್ಥಿತಿ ಗೊತ್ತಿಲ್ಲವೆನ್ನುವಂತಿಲ್ಲ. ಪೋಷಕರ ಮಾಸಿಕ ಆದಾಯ 21,000 ರೂಪಾಯಿ ಮೀರದಿದ್ದರೆ ಕೆಡೆಟ್‌ನ ಕೈಖರ್ಚಿಗೆ ತಿಂಗಳಿಗೆ 1,000 ರೂಪಾಯಿ ನೆರವು ನೀಡುವ ನಿಯಮ ಅದೇ ಅಧಿಸೂಚನೆಯಲ್ಲಿದೆ. ಕೈಖರ್ಚಿಗೆ ನೆರವು ಬೇಕಾದ ಅಪ್ಪನಿಂದಲೇ ಬೆನ್ನುಮೂಳೆಯ ಮುಚ್ಚಳಿಕೆಯನ್ನೂ ಬರೆಸಿಕೊಳ್ಳಲಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಈ ಮುಚ್ಚಳಿಕೆ ವಿಚಿತ್ರ. ಹದಿನಾರೂವರೆ ವರ್ಷಕ್ಕೇ ಎನ್‌ಡಿಎ ಸೇರಬಹುದು. ಆ ವಯಸ್ಸಿನವನ ಕರಾರನ್ನು ಭಾರತದ ಕರಾರು ಕಾಯ್ದೆ ಮಾನ್ಯ ಮಾಡುವುದಿಲ್ಲ. ಹೀಗಾಗಿ ಅವನ ದೇಹಕ್ಕೆ ಸಂಬಂಧಿಸಿದ ಹಕ್ಕನ್ನು ಅಪ್ಪನ ಕೈಯಿಂದ ಬಿಡಿಸಿಕೊಳ್ಳಲಾಗುತ್ತದೆ. ಬಲಾಬಲದಲ್ಲಿ ಅಜಗಜಾಂತರವಿರುವ ಇಬ್ಬರ ನಡುವಿನ ಕರಾರಿನಲ್ಲಿ ದುರ್ಬಲನ ಮೇಲೆ ಹೇರಿದ ಅನ್ಯಾಯದ ಷರತ್ತು ಅನೂರ್ಜಿತ ಎಂದು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಬ್ರಜೋನಾಥ ಗಂಗೂಲಿ ಪ್ರಕರಣದಲ್ಲಿ ಹೇಳಿತ್ತು. ಅದಕ್ಕೂ ಹಳೆಯದಾದ, ಬ್ರಿಟಿಷರೇ 1923ರಲ್ಲಿ ತಂದ ಕಾರ್ಮಿಕರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್, ಪರಿಹಾರದ ಹಕ್ಕನ್ನು ಬಿಟ್ಟುಕೊಡುವುದಾಗಿ ಕಾರ್ಮಿಕ ಬರೆದುಕೊಟ್ಟ ಯಾವ ಕರಾರಿಗೂ ಬೆಲೆಯಿಲ್ಲವೆಂದು ಸಾರಿತ್ತು. ಸಾರುವೆಯಿಂದ ಬಿದ್ದ ಗಾರೆ ಕೆಲಸದವನ ಹೆಬ್ಬೆಟ್ಟು ಒತ್ತಿಸಿಕೊಂಡು ಕಾಂಟ್ರಾಕ್ಟರ್ ಪಾರಾಗುವಂತಿಲ್ಲ. ಖಾಸಗಿಯವನಿಗೆ ನಿಷಿದ್ಧವೆಂದು ನೂರು ವರ್ಷಗಳಿಂದ ಪರಿಗಣಿಸಿದ್ದನ್ನು ಪ್ರಭುತ್ವ ತನಗಾಗಿ ಉಳಿಸಿಕೊಂಡಿದೆ.

ಕನ್ನಡಿಗರು ನೆಲೆಸಿರುವ ಇತರ ದೇಶಗಳಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರವಿದೆ. ಸ್ಯಾಂಡ್‌ಹರ್ಸ್ಟ್‌ನ 44 ವಾರಗಳ ತರಬೇತಿಯಲ್ಲಿರುವ ಕೆಡೆಟ್ ಇಂದು ಸಂಬಳ ಪಡೆಯುವ ಸೇನಾ ಸದಸ್ಯ, 2005ರಲ್ಲಿ ಜಾರಿಗೆ ಬಂದ ಸಶಸ್ತ್ರ ಪಡೆಗಳ ಪರಿಹಾರ ಯೋಜನೆ ಅವನಿಗೂ ಅನ್ವಯ. ಅಮೆರಿಕದ ಮಾಜಿ ಸೈನಿಕರ ಕಾನೂನು ವೆಸ್ಟ್ ಪಾಯಿಂಟ್‌ನ ಕೆಡೆಟ್ ಆಗಿ ಕಳೆದ ಕಾಲವನ್ನು ‘ಸಕ್ರಿಯ ಸೇವೆ’ ಎಂದೇ ವ್ಯಾಖ್ಯಾನಿಸುತ್ತದೆ. ಜರ್ಮನಿಯಲ್ಲಿ ಅಧಿಕಾರಿ ಹುದ್ದೆಯ ಅಭ್ಯರ್ಥಿ ಸೇರಿದ ದಿನದಿಂದಲೇ ಸೈನಿಕ. ಈ ದೇಶಗಳ ಸೇನೆಗಳು ಪರದೇಶಗಳಲ್ಲಿ ಮಾಡಿದ್ದನ್ನು ಮರೆಯಬೇಕಾಗಿಲ್ಲ, ಅಲ್ಲಿನ ಮಾಜಿ ಸೈನಿಕರು ಪರಿಹಾರಕ್ಕಾಗಿ ಕಚೇರಿ ಅಲೆಯುವುದನ್ನೂ ಮರೆಮಾಚಬೇಕಾಗಿಲ್ಲ. ಆದರೆ ಅಲೆಯಲು ಅವರಿಗೊಂದು ಹಕ್ಕಿದೆ.

ಪತ್ರಿಕಾ ವರದಿಯ ಬೆನ್ನಲ್ಲೇ ಸರ್ವೋಚ್ಚ ನ್ಯಾಯಾಲಯ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹದೇವನ್ ಅವರ ಪೀಠವು ವಿಮೆಯ ಬಗ್ಗೆ, ಎಕ್ಸ್‌ಗ್ರೇಷಿಯಾ ಹೆಚ್ಚಳದ ಬಗ್ಗೆ, ಚಿಕಿತ್ಸೆ ಮುಗಿದವರಿಗೆ ಪಡೆಗಳಲ್ಲೇ ಮೇಜಿನ ಕೆಲಸ ಕೊಡುವ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು. ಕೆಲವೇ ವಾರಗಳಲ್ಲಿ ಆರೋಗ್ಯ ಯೋಜನೆಯನ್ನು ಈ ಕೆಡೆಟ್‌ಗಳಿಗೂ ವಿಸ್ತರಿಸಿರುವುದಾಗಿ ಸರ್ಕಾರ ತಿಳಿಸಿತು. ನಲವತ್ತು ವರ್ಷ ಆಗದ್ದು ಒಂದು ತಿಂಗಳೊಳಗೆ ಆಯಿತೆಂದರೆ, ಅಡ್ಡಿಯಾಗಿದ್ದುದು ಹಣವೂ ಅಲ್ಲ, ನಿಯಮದ ತೊಡಕೂ ಅಲ್ಲ.

ಹಣದ ಲೆಕ್ಕವನ್ನೇ ಹಾಕುವುದಾದರೆ, 500 ಮಂದಿಗೂ ಗರಿಷ್ಠ ಮೊತ್ತವನ್ನೇ ಕೊಟ್ಟರೂ ವರ್ಷಕ್ಕೆ ತಗಲುವುದು 24 ಕೋಟಿ ರೂಪಾಯಿ. ಅದನ್ನು ಮೂರು ಪಟ್ಟು ಮಾಡಿದರೂ 72 ಕೋಟಿ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಕೆಡೆಟ್‌ಗಳಿಗೆ ಕೊಟ್ಟರೆ ನಾಳೆ ಪೊಲೀಸ್, ಅಗ್ನಿಶಾಮಕ ತರಬೇತಿಯವರೂ ಕೇಳುತ್ತಾರೆ ಎಂಬ ಅಧಿಕಾರಶಾಹಿಯ ಆತಂಕಕ್ಕೆ ಉತ್ತರ ಸರಳ: ಕೇಳಲಿ, ಅವರಿಗೂ ಸಿಗಬೇಕು.

ಈ 500 ಮಂದಿಯ ಬಗ್ಗೆ ಇಷ್ಟು ಕಾಲ ಮೌನವಾಗಿದ್ದವರಲ್ಲಿ ಸೇನೆಯನ್ನು ದೇವರ ಪೀಠದಲ್ಲಿ ಕೂರಿಸಿದವರಷ್ಟೇ ಇಲ್ಲ. ಪ್ರಗತಿಪರ ವಲಯವೂ ಇದೆ. ಸಮವಸ್ತ್ರ ತೊಟ್ಟವರ ದುಃಖ ತಮ್ಮ ಪ್ರಶ್ನೆಯಲ್ಲವೆಂಬ ಸಂಕೋಚ ಅಲ್ಲಿ ಹಳೆಯದು. ಪೌರಕಾರ್ಮಿಕನ ಮ್ಯಾನ್‌ಹೋಲ್ ಸಾವಿಗೆ, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳ ಬೆರಳಿಗೆ ಬೀದಿಗಿಳಿಯುವವರಿಗೆ ಈ ಹುಡುಗರೂ ಕೆಲಸದ ಜಾಗದಲ್ಲಿ ಗಾಯಗೊಂಡವರೇ ಎಂದು ತೋರದೆ ಹೋಯಿತು. ಆರೋಗ್ಯ ಯೋಜನೆ ವಿಸ್ತರಣೆಯಾದಷ್ಟಕ್ಕೆ ಸ್ಥಾನಮಾನ ಬದಲಾಗುವುದಿಲ್ಲ. ಕೆಡೆಟ್ ಅಕಾಡೆಮಿಯ ಬಾಗಿಲು ದಾಟಿದ ದಿನವನ್ನೇ ಸೇವೆಯ ಮೊದಲ ದಿನವೆಂದು ಕಾನೂನು ಬರೆಯಬೇಕು, ಆ ಮುಚ್ಚಳಿಕೆ ಅಧಿಸೂಚನೆಯಿಂದ ಹೊರಹೋಗಬೇಕು.

ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಆಯೋಗದ ಅಧಿಸೂಚನೆ ಪ್ರಕಟವಾಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಿಂದಗಿಯ ಅಥವಾ ಸೋಮವಾರಪೇಟೆಯ ಅಪ್ಪನೊಬ್ಬ ಮಗ ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಾನೆ. ಆ ಒಂದು ಪರಿಚ್ಛೇದವನ್ನು ಸಹಿಗೆ ಮೊದಲು ಯಾರಾದರೂ ಅವನಿಗೆ ಕನ್ನಡದಲ್ಲಿ ಓದಿ ಹೇಳಬೇಕು.