ದ್ರವ್ಯವೂ ಸ್ವಾತಂತ್ರ್ಯವೂ
ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಚರಿತ್ರೆಯು ನಮ್ಮ ಅಧಿಕಾರಿವರ್ಗದವರು ಮನನಮಾಡತಕ್ಕುದಾಗಿದೆ. ಮೈಸೂರು ಸರಕಾರವು 1934ರಲ್ಲಿ ದಾನವಿತ್ತ ನೆಲದ ಮೇಲೆ ಸರ್ ಚಂದ್ರಶೇಖರ ವೆಂಕಟರಾಮನ್ನರು 1948ರಲ್ಲಿ ಅದನ್ನು ಸ್ಥಾಪಿಸಿದರು. ಸರಕಾರದ ದ್ರವ್ಯದೊಡನೆ ಅದರ ಅಂಕುಶವೂ ಬಂದೀತೆಂದು ಶಂಕಿಸಿ, 1970ರಲ್ಲಿ ಕಾಲವಾಗುವವರೆಗೂ ಅವರು ಸ್ವಂತ ಗಳಿಕೆಯಿಂದಲೂ ದಾನಿಗಳ ನೆರವಿನಿಂದಲೂ ಅದನ್ನು ನಡೆಯಿಸಿದರು.

1972ರಿಂದ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಧನಸಹಾಯವನ್ನೀಯುತ್ತಿದೆ. ಆಡಳಿತವು ಮಾತ್ರ ಸಂಸ್ಥೆಯ ಸ್ವಂತ ಮಂಡಲಿಯದು. ಈ ಏರ್ಪಾಡು ಯೋಗ್ಯವಾದುದೆಂದೇ ನಮ್ಮ ಮತ. ನಕ್ಷತ್ರಗಳನ್ನೂ ಬೆಳಕನ್ನೂ ದ್ರವಸ್ಫಟಿಕಗಳನ್ನೂ ಪರಿಶೋಧಿಸುವ ಕಾರ್ಯವು ಒಂದು ವರ್ಷದ ಆಯವ್ಯಯದೊಳಗೆ ಫಲಕೊಡತಕ್ಕುದಲ್ಲ. ಪ್ರಜೆಗಳ ಹಣಕ್ಕೆ ಲೆಕ್ಕ ಕೇಳುವುದು ಸರಕಾರದ ಹಕ್ಕು. ಏನನ್ನು ಪರಿಶೋಧಿಸಬೇಕೆಂದು ಗೊತ್ತುಮಾಡುವುದು ವಿಜ್ಞಾನಿಗಳ ಹಕ್ಕು. ಇವೆರಡನ್ನೂ ಬೆರೆಸಿದರೆ ಸಂಸ್ಥೆಯ ಕಟ್ಟಡವು ಉಳಿದೀತು, ಜೀವವು ಉಳಿಯದು.