ರೋಗಿಯ ಗುಟ್ಟು, ದಾದಿಯ ಅನ್ನ

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಭೀತಿ ಹಬ್ಬಿದಾಗ ಲಕ್ಷಾಂತರ ಜನ ಊರು ತೊರೆದರು. ಖಾಸಗಿ ವೈದ್ಯರಲ್ಲಿಯೂ ಅನೇಕರು ಬಾಗಿಲು ಹಾಕಿಕೊಂಡು ಹೊರಟರು. ಓಡಿಹೋದವರನ್ನು ನಾವು ಇಂದಿಗೂ ಹಳಿಯುತ್ತೇವೆ. ಉಳಿದು ದುಡಿದ ದಾದಿಯರಿಗೂ ವಾರ್ಡಿನ ನೌಕರರಿಗೂ ಸಮಾಜ ಏನು ಕೊಟ್ಟಿತೆಂದು ಕೇಳಿಕೊಳ್ಳುವುದು ಮಾತ್ರ ಅಪರೂಪ.

ಕೆಲವು ವರ್ಷಗಳ ಹಿಂದೆ ಸಚಿನ್ನಿನ ನಮ್ಮ ಬಳಗದ ಹೆಣ್ಣುಮಗಳೊಬ್ಬಳು, ಗುತ್ತಿಗೆಯ ದಾದಿ, ರೋಗಿಗೆ ಬಳಸಿದ ಸೂಜಿ ತನ್ನ ಕೈಗೆ ಚುಚ್ಚಿದ ಸಂಗತಿಯನ್ನು ಮೇಲಿನವರಿಗೆ ತಿಳಿಸಲೋ ಬೇಡವೋ ಎಂದು ನನ್ನನ್ನು ಕೇಳಿದಳು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಕೂಡಲೇ ತಿಳಿಸು ಎಂದೆ. ಸಂವಿಧಾನದ 311ನೇ ವಿಧಿಯ ಆಸರೆಯಲ್ಲಿರುವ ನನ್ನಂಥವನಿಗೆ ಹಾಗೆನ್ನುವುದು ಸುಲಭ. ಆಕೆ ಔಷಧ ಪಡೆದಳು, ಆರೋಗ್ಯವಾಗಿದ್ದಾಳೆ. ಆದರೆ ಸುದ್ದಿ ವಾರ್ಡಿನಿಂದ ವಾರ್ಡಿಗೆ ಹರಡಿತು. ಮಾರ್ಚಿನಲ್ಲಿ ಗುತ್ತಿಗೆ ನವೀಕರಣವಾಗಲಿಲ್ಲ. ಕಾರಣವನ್ನು ಯಾರೂ ಬರೆದುಕೊಡಲಿಲ್ಲ.

ರೋಗಿಯ ಗುಟ್ಟು ಬೇರೆ, ನೌಕರನ ಭದ್ರತೆ ಬೇರೆ ಎಂಬ ನನ್ನ ಎಣಿಕೆ ಅಂದು ಸುಳ್ಳಾಯಿತು. ಆರೈಕೆ ಮಾಡುವವರೂ ಒಂದು ದಿನ ರೋಗಿಗಳೇ. 1998ರಲ್ಲಿ ಸುಪ್ರೀಂ ಕೋರ್ಟು ಗೋಪ್ಯತೆಯ ಹಕ್ಕು ಪರಮವಲ್ಲವೆಂದು ತೀರ್ಪಿತ್ತ ಪ್ರಸಿದ್ಧ ಪ್ರಕರಣದಲ್ಲಿ, ಎಚ್‌ಐವಿ ಸೋಂಕು ಬಯಲಾಗಿ ಮದುವೆ ಮುರಿದು ಊರು ಬಿಡಬೇಕಾಗಿ ಬಂದವನು ಸ್ವತಃ ವೈದ್ಯನೇ ಆಗಿದ್ದನು.

ಕಾನೂನು ಆಮೇಲೆ ಬಹುದೂರ ಬಂದಿದೆ. ನಮ್ಮವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸ್ಥಾಪಿತವಾಯಿತು. ಅದೇ ವರ್ಷದ ಎಚ್‌ಐವಿ ಕಾಯಿದೆ, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ಗುಟ್ಟು ಹೊರಗೆಡಹುವುದನ್ನೂ ನಿಷೇಧಿಸಿ, ಇಪ್ಪತ್ತು ಮಂದಿ ಇರುವ ಆಸ್ಪತ್ರೆಯಲ್ಲಿಯೂ ದೂರು ಅಧಿಕಾರಿ ಇರಬೇಕೆಂದಿತು. ಆದರೆ ತೆಗೆಯದೆಯೇ, ಅವಧಿ ಮುಗಿಯಿತೆಂದು ಸುಮ್ಮನೆ ಕೈಬಿಟ್ಟರೆ ಕಾಯಿದೆ ಯಾವ ಕೈಯನ್ನು ಹಿಡಿಯಬೇಕು? ಅಪಘಾತವನ್ನು ವರದಿ ಮಾಡಿದವರ ಗುತ್ತಿಗೆ ನಿಲ್ಲಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಲೇಬೇಕೆಂಬ ನಿಯಮ ಬರಲಿ. ಇಲ್ಲವಾದರೆ ಮುಂದಿನ ದಾದಿ ಬಾಯಿ ತೆರೆಯಳು; ಅವಳ ಮೌನದ ಬೆಲೆಯನ್ನು ತೆರುವವರಲ್ಲಿ ರೋಗಿಗಳೂ ಸೇರುತ್ತಾರೆ.

ಸರಕಾರವನ್ನಷ್ಟೇ ದೂರುವುದೂ ಸಲ್ಲದು. 2020ರ ಮಾರ್ಚಿನಲ್ಲಿ ನಮ್ಮ ಕರ್ನಾಟಕವೇ ಗೃಹಬಂಧನದಲ್ಲಿದ್ದವರ ಮನೆವಿಳಾಸಗಳನ್ನು ಪ್ರಕಟಿಸಿದಾಗ, ಆ ಪಟ್ಟಿಯಲ್ಲಿ ಪರಿಚಿತರ ಬೀದಿಯನ್ನು ಹುಡುಕಿದವರಲ್ಲಿ ನಾನೂ ಒಬ್ಬ. ಹೊರನಾಡಿನಲ್ಲಿ ನಾವು ಕೆಲವೇ ಮನೆಗಳು. ಇಲ್ಲಿ ಒಂದು ಪಿಸುಮಾತು ಸಾಕು, ಒಂದು ಮನೆಯ ಒಲೆ ಆರಲು. ಆ ಪಿಸುಮಾತನ್ನು ನುಂಗಿಕೊಳ್ಳುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.