ಊರ ಕಲ್ಲಿಗೆ ಒಡೆಯರಾರು?

2024ನೆಯ ಇಸವಿಯ ನವಂಬರ ತಿಂಗಳಲ್ಲಿ ಲಕ್ಕುಂಡಿಯ ಓಣಿ ಓಣಿಗಳಲ್ಲಿ ನಡೆದ ಪ್ರಾಚ್ಯಾವಶೇಷಗಳ ಸಂಗ್ರಹಕಾರ್ಯವನ್ನು ನಮ್ಮ ವಾಚಕರು ಮರೆತಿರಲಾರರು. ಹಿತ್ತಲಲ್ಲಿ ಬಿದ್ದ ಕಲ್ಲುಗಳನ್ನೂ ಕಟ್ಟೆಗೆ ಆನಿಸಿದ ವಿಗ್ರಹಗಳನ್ನೂ ಗ್ರಾಮಸ್ಥರು ತಾವಾಗಿಯೇ ತೋರಿಸಿಕೊಟ್ಟರು. ಸಾವಿರದಷ್ಟು ವಸ್ತುಗಳು ಕೂಡಿದವು. ಇದು ಹರ್ಷದ ಸಂಗತಿಯೇ ಸರಿ. ಆದರೆ ಅವುಗಳಲ್ಲಿ ಹತ್ತು ಮೂರ್ತಿಗಳು ಹಿಂದಿನ ವರುಷವೇ ಯಾವನೋ ದಲಾಲನ ಗಾಡಿಯೇರಿ ಹೋಗಿದ್ದರೆ, ಹೋದುವೆಂದು ಹೇಳಬಲ್ಲವರು ಯಾರಿದ್ದರು?

ಕಾಯದೆ ಇಲ್ಲವೆಂದಲ್ಲ. 1972ರ ಪ್ರಾಚೀನ ವಸ್ತುಗಳ ಹಾಗೂ ಕಲಾನಿಧಿಗಳ ಕಾಯದೆಯು 1976ರ ಏಪ್ರಿಲ 5ರಿಂದ ಜಾರಿಯಲ್ಲಿದೆ. ನೂರು ವರುಷ ದಾಟಿದ ಶಿಲ್ಪ, ನಾಣ್ಯ, ಶಾಸನಾದಿಗಳೂ 75 ವರುಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಅದರ ಕಕ್ಷೆಗೆ ಬರುತ್ತವೆ. ಲಾಯಸೆನ್ಸಿಲ್ಲದೆ ಅವುಗಳ ವ್ಯಾಪಾರವಿಲ್ಲ; ಕೇಂದ್ರ ಸರಕಾರ ಅಥವಾ ಅದು ನೇಮಿಸಿದ ಸಂಸ್ಥೆಯ ಹೊರತು ಯಾರೂ ಅವನ್ನು ಪರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದವನಿಗೆ ಆರು ತಿಂಗಳಿಂದ ಮೂರು ವರುಷಗಳ ವರೆಗೆ ಸೆರೆವಾಸ. ಮೂರ್ತಿಗಳನ್ನು ಇಟ್ಟುಕೊಂಡವರು ಅವುಗಳ ಛಾಯಾಚಿತ್ರದೊಡನೆ ನೋಂದಣಿ ಮಾಡಿಸಬೇಕೆಂಬ ಕಟ್ಟಳೆಯೂ ಉಂಟು.

ಆದರೆ ನೋಂದಣಿಗೆ ಒಡೆಯನೊಬ್ಬ ಬೇಕು. ಮುಂಡರಗಿಯ ಎರೆಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೆ ಒಡೆಯನಾರು? ಅದನ್ನು ಬರೆಯಿಸಲು ಯಾವ ರೈತನು ಕಚೇರಿಯ ಮೆಟ್ಟಿಲು ಹತ್ತಿಯಾನು? 2026ರ ಜನವರಿಯಲ್ಲಿ ಅದೇ ಲಕ್ಕುಂಡಿಯ ಮನೆಯೊಂದರ ಪಾಯದಲ್ಲಿ ಬಂಗಾರದ ಒಡವೆಗಳು ದೊರೆತವು. ಮನೆಯವರು ಅವನ್ನು ಪ್ರಾಮಾಣಿಕವಾಗಿ ಸರಕಾರಕ್ಕೊಪ್ಪಿಸಿದರು. ಬಂಗಾರವನ್ನು ತೂಗಿ ಬರೆದುಕೊಳ್ಳುವ ಕೈಗಳಿಗೆ ಕೊರತೆಯಿಲ್ಲ. ಕಲ್ಲಿಗೆ ಆ ಭಾಗ್ಯವಿಲ್ಲ.

ಬರೆದಿಡುವುದರ ಬೆಲೆ ಎಷ್ಟೆಂಬುದನ್ನು ನೆರೆಯ ತಮಿಳುನಾಡು ತೋರಿಸಿದೆ. ಶ್ರೀಪುರಂತಾನ್ ಎಂಬ ಹಳ್ಳಿಯ ಗುಡಿಯಿಂದ ಕಳುವಾದ ಚೋಳ ಕಾಲದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯು 2008ರಲ್ಲಿ ಸುಮಾರು 50 ಲಕ್ಷ ಡಾಲರು ತೆತ್ತು ಕೊಂಡಿತು. 2014ರಲ್ಲಿ ಆ ಮೂರ್ತಿಯು ಮರಳಿ ಬಂದಿತು. ಏಕೆ? ಅದು ಗುಡಿಯಲ್ಲಿದ್ದಾಗಲೇ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ತೆಗೆದಿಟ್ಟಿದ್ದ ಛಾಯಾಚಿತ್ರವು ಸಾಕ್ಷಿ ನುಡಿಯಿತು. ಲಕ್ಷ್ಮೇಶ್ವರದ ಬಸದಿಯ ಸುತ್ತಲೂ ಶಿರಹಟ್ಟಿಯ ಹಳ್ಳಿಗಳಲ್ಲಿಯೂ ಬಿಡಿಯಾಗಿ ಬಿದ್ದಿರುವ ಶಿಲ್ಪಗಳಿಗೆ ಅಂಥ ಸಾಕ್ಷಿಯುಂಟೆ?

ಹಸ್ತಪ್ರತಿಗಳ ಗತಿ ಇನ್ನೂ ಶೋಚನೀಯ. ಕಡ್ಡಾಯ ನೋಂದಣಿಯ ವರ್ಗದಲ್ಲಿ ಚಿತ್ರಗಳಿರುವ ಹಸ್ತಪ್ರತಿಗಳನ್ನು ಮಾತ್ರ ಸೇರಿಸಿದ್ದಾರೆ. ನಮ್ಮ ಓಲೆಗರಿಯ ಕಟ್ಟುಗಳಲ್ಲಿ ಇರುವುದು ಬಹುಮಟ್ಟಿಗೆ ಅಕ್ಷರ, ಚಿತ್ರವಲ್ಲ! ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಯ ನಾಡಿನಲ್ಲಿಯೇ ಅಕ್ಷರಕ್ಕೆ ಈ ಅವಜ್ಞೆ. ಈ ವರ್ಗೀಕರಣವನ್ನು ತಿದ್ದಬೇಕೆಂದು ಕೇಂದ್ರ ಸರಕಾರದವರಿಗೆ ನಾವು ಒತ್ತಿ ಹೇಳುತ್ತೇವೆ.

ಹಿಂದೆ ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಸರಕಾರಕ್ಕೆ, ಲಕ್ಷ್ಮೇಶ್ವರವು ಮಿರಜಕ್ಕೆ, ಶಿರಹಟ್ಟಿಯು ಸಾಂಗಲಿಗೆ ಸೇರಿದ್ದವು. 1904ರ ಸ್ಮಾರಕರಕ್ಷಣೆಯ ಕಾಯದೆಯು ಬ್ರಿಟಿಷ್ ಮುಲುಕಿಗೆ ಸಂದಿತೇ ಹೊರತು ಸಂಸ್ಥಾನಗಳಿಗಲ್ಲ. ಆಗ ನೆವವಿತ್ತು. 1956ರಲ್ಲಿ ನಾಡು ಒಂದಾಯಿತು, 1997ರಲ್ಲಿ ಜಿಲ್ಲೆಯೂ ಆಯಿತು, ಈಗಿನ ನೆವವೇನು?

ಆದುದರಿಂದ ನಾಲ್ಕೂ ತಾಲೂಕುಗಳಲ್ಲಿ ಊರೂರಿನ ಪಟ್ಟಿಯಾಗಲಿ. ಈ ಕಾರ್ಯಕ್ಕೆ ನಮ್ಮ ಶಾಲಾಮಾಸ್ತರರಿಗಿಂತ ಯೋಗ್ಯರಾರು? ಪ್ರತಿಯೊಂದು ಕಲ್ಲಿನ ಎತ್ತರ, ಅಗಲ, ನಿಂತ ಸ್ಥಳ, ಮುಂದಿನ ಹಿಂದಿನ ಛಾಯಾಚಿತ್ರ ಇಷ್ಟಿದ್ದರೆ ಸಾಕು. ಕಲ್ಲನ್ನು ಕದಲಿಸದೆಯೇ ಇದನ್ನು ಮಾಡಬಹುದು. ಲಕ್ಕುಂಡಿಯಲ್ಲಿ ಕೂಡಿಸಿದ ವಸ್ತುಗಳಿಗೂ ಯಾವ ಓಣಿಯ ಯಾವ ಹಿತ್ತಲಿನಿಂದ ಬಂದವೆಂಬ ಚೀಟಿಯು ತಪ್ಪದೆ ಇರಲಿ. ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯತಿಯಲ್ಲಿ, ಒಂದು ಶಾಲೆಯಲ್ಲಿ, ಒಂದು ಪೋಲೀಸ ಠಾಣೆಯಲ್ಲಿ ಇರತಕ್ಕದ್ದು. ಬರುವ ಸುಗ್ಗಿಯೊಳಗಾಗಿ ಬೆಟಗೇರಿಯಿಂದಲೇ ಇದು ಮೊದಲಾಗಲಿ.